ಹಂದಿಮರಿಗಳ ಆಹಾರದಲ್ಲಿ ಸಸ್ಯಮೂಲದ ಉತ್ಕರ್ಷಣ ನಿರೋಧಕಗಳು

ಎಣ್ಣೆಯ ತಿಂಡಿ ಹಳೆಯದಾದರೆ ಕಮಟು ವಾಸನೆ ಬರುತ್ತದೆ. ಇದಕ್ಕೆ ಉತ್ಕರ್ಷಣವೇ ಕಾರಣವೆಂದು ಹತ್ತನೆಯ ತರಗತಿಯ ಮಕ್ಕಳು ವಿಜ್ಞಾನ ಪಾಠದಲ್ಲಿ ಓದಿರುತ್ತಾರೆ. ಇದೇ ಬಗೆಯ ಕ್ರಿಯೆ ಪ್ರಾಣಿಗಳ ಜೀವಕೋಶಗಳಲ್ಲಿಯೂ ನಡೆದು ಕೋಶಪೊರೆಗಳನ್ನು ಕೆಡಿಸುತ್ತದೆ. ಅದನ್ನು ತಡೆಯುವ ಪದಾರ್ಥಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಅರಿಶಿನದ ಕರ್ಕ್ಯುಮಿನ್, ನುಗ್ಗೆ ಸೊಪ್ಪಿನ ಇ ಜೀವಸತ್ವ, ಶೇಂಗಾ ಬೀಜದ ಕೆಂಪು ಸಿಪ್ಪೆಯಲ್ಲಿರುವ ಪಾಲಿಫಿನಾಲ್‌ಗಳು ಈ ಗುಂಪಿಗೆ ಸೇರಿವೆ. ನೆಲ್ಲಿಕಾಯಿಯೂ ಸೇರುತ್ತದೆ, ಆದರೆ ಹಂದಿಯು ಮನುಷ್ಯನಂತಲ್ಲದೆ ಸಿ ಜೀವಸತ್ವವನ್ನು ತನ್ನ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತದೆ.

ಇವುಗಳ ಅಗತ್ಯ ಹೆಚ್ಚಾಗಿ ಕಾಣುವುದು ಮರಿ ಹಾಲು ಬಿಡುವ ಕಾಲದಲ್ಲಿ. ತಾಯಿಯಿಂದ ಅಗಲಿಕೆ, ಹೊಸ ಮೇವು, ಹೊಸ ಜಾಗ ಇವೆಲ್ಲ ಒಟ್ಟಿಗೆ ಬಂದಾಗ ಮರಿ ಒಂದೆರಡು ದಿನ ಸರಿಯಾಗಿ ತಿನ್ನುವುದಿಲ್ಲ. ಕರುಳಿನ ಒಳಪೊರೆಯ ಸೂಕ್ಷ್ಮ ಎಳೆಗಳು ಮೊಟಕಾಗಿ, ಭೇದಿ ಆರಂಭವಾಗುತ್ತದೆ. ನಾಲ್ಕೈದು ಮರಿಗಳನ್ನೇ ನಂಬಿದ ಕುಟುಂಬಕ್ಕೆ ಒಂದು ಮರಿ ಸತ್ತರೂ ವರ್ಷದ ಲೆಕ್ಕವೇ ತಪ್ಪುತ್ತದೆ.

ಈ ಭೇದಿಯನ್ನು ತಡೆಯಲು ದೊಡ್ಡ ಸಾಕಣೆ ಕೇಂದ್ರಗಳು ಮೇವಿಗೆ ಪ್ರತಿಜೀವಕಗಳನ್ನೂ ಸತುವಿನ ಆಕ್ಸೈಡನ್ನೂ ಬೆರೆಸುತ್ತಿದ್ದವು. ಬೆಳವಣಿಗೆಗಾಗಿ ಪ್ರತಿಜೀವಕ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಔಷಧ ಪ್ರಮಾಣದ ಸತುವಿನ ಆಕ್ಸೈಡನ್ನು 2022ರಲ್ಲಿ ಹಿಂತೆಗೆದುಕೊಂಡಿತು. ಭಾರತವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರಲ್ಲಿ ನಿಷೇಧಿಸಿತು. ಸಸ್ಯಮೂಲಗಳತ್ತ ಸಂಶೋಧಕರ ಗಮನ ಹೆಚ್ಚಲು ಇದೊಂದು ಮುಖ್ಯ ಕಾರಣ. ದ್ರಾಕ್ಷಿ ಬೀಜ ಮತ್ತು ಹಿಪ್ಪೆಯನ್ನು ಮರಿಗಳ ಮೇವಿಗೆ ಬೆರೆಸಿದ ಜರ್ಮನಿಯ ಪ್ರಯೋಗದಲ್ಲಿ ಕರುಳಿನ ಉರಿಯೂತದ ಸೂಚನೆಗಳು ಇಳಿದವು. ಎಲ್ಲ ಪ್ರಯೋಗಗಳ ಫಲವೂ ಹೀಗೆಯೇ ಇಲ್ಲ. ಪಾಲಿಫಿನಾಲ್‌ಗಳು ರಕ್ತಕ್ಕೆ ಸೇರುವುದು ಅಲ್ಪವಾದುದರಿಂದ ಅವುಗಳ ಕೆಲಸ ಬಹುಪಾಲು ಕರುಳಿನಲ್ಲಿಯೇ ನಡೆಯುತ್ತದೆ.

ಕೃಷ್ಣಾ ತುಂಗಭದ್ರೆಗಳ ನಡುವಣ ನಡಿಗಡ್ಡ ಸೀಮೆಯ ಮಲ್ದಕಲ್‌ನಲ್ಲಿ ಇದನ್ನು ಅನ್ವಯಿಸುವವರು ಮೊದಲು ಮೇವಿನ ಚೀಲವನ್ನೇ ನೋಡಬೇಕು. ಗದ್ವಾಲ ಭಾಗದಲ್ಲಿ ಶೇಂಗಾ, ಭತ್ತ, ಔಡಲ ಮೂರೂ ಬೆಳೆಯುತ್ತವೆ. ಮೂರರಿಂದಲೂ ಅಗ್ಗದ ಹಿಂಡಿ, ತೌಡು ದೊರೆಯುತ್ತವೆ. ತಾಜಾ ತೌಡಿನಲ್ಲಿ ಉತ್ಕರ್ಷಣ ನಿರೋಧಕಗಳು ಸಮೃದ್ಧವಾಗಿವೆ. ಆದರೆ ಗಿರಣಿಯಲ್ಲಿ ಅಕ್ಕಿಯಿಂದ ಬೇರ್ಪಟ್ಟ ಕೂಡಲೇ ಅದರ ಎಣ್ಣೆ ಕೆಡಲು ತೊಡಗಿ, ಕೆಲವೇ ದಿನಗಳಲ್ಲಿ ಕಮಟುತ್ತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ವಿಷ ಎಳೆಯ ಮರಿಯ ಯಕೃತ್ತಿಗೆ ನೇರವಾಗಿ ಹಾನಿ ಮಾಡುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಔಡಲದ ಹಿಂಡಿಯಲ್ಲಿ ರೈಸಿನ್ ಎಂಬ ವಿಷವಿರುವುದರಿಂದ ಅದು ಗೊಬ್ಬರಕ್ಕೆ ಮಾತ್ರ ಯೋಗ್ಯ. ಇಂಥ ಮೇವಿಗೆ ಹಿಡಿ ಅರಿಶಿನ ಬೆರೆಸಿ ನೆಮ್ಮದಿಯಾಗಿರುವುದು ತರವಲ್ಲ.

ಮೇವು ತಾಜಾ ಇದ್ದಲ್ಲಿ ನೆರಳಿನಲ್ಲಿ ಒಣಗಿಸಿದ ನುಗ್ಗೆ ಸೊಪ್ಪಿನ ಪುಡಿಯನ್ನು ಅಲ್ಪ ಪ್ರಮಾಣದಿಂದ ಆರಂಭಿಸಬಹುದು. ಶೇಂಗಾ ಸಿಪ್ಪೆ ಹೆಚ್ಚಾದರೆ ಅದರ ಟ್ಯಾನಿನ್ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುತ್ತದೆ.

ತಾಯಿಹಂದಿಯ ಮೇವನ್ನು ಮಾತ್ರ ಅನೇಕರು ಗಮನಿಸುವುದಿಲ್ಲ. ಮರಿಗೆ ಹುಟ್ಟುವಾಗ ಇ ಜೀವಸತ್ವದ ಸಂಗ್ರಹ ತೀರ ಕಡಿಮೆ. ಅದು ಮುಖ್ಯವಾಗಿ ಗಿಣ್ಣುಹಾಲಿನಿಂದ ಬರಬೇಕು. ಕಬ್ಬಿಣ ಉತ್ಕರ್ಷಣವನ್ನು ಚುರುಕುಗೊಳಿಸುವ ಲೋಹ. ಆದುದರಿಂದ ತಾಯಿಗೆ ಈ ಜೀವಸತ್ವದ ಕೊರತೆಯಿದ್ದರೆ, ರಕ್ತಹೀನತೆ ತಡೆಯಲು ಮೊದಲ ವಾರದಲ್ಲಿ ಕೊಡುವ ಕಬ್ಬಿಣದ ಚುಚ್ಚುಮದ್ದೇ ಮರಿಗೆ ಮುಳುವಾಗಬಹುದು. ಗಬ್ಬದ ಹಂದಿಗೆ ಹಸಿರು ಸೊಪ್ಪು ಸಿಗುತ್ತಿದೆಯೇ ಎಂಬುದನ್ನು ಚುಚ್ಚುಮದ್ದು ಹಾಕಿಸುವಾಗ ಪಶುವೈದ್ಯರಿಗೆ ತಿಳಿಸಬೇಕು.