ಯಾವುದರ ಬದಲಿಗೆ?

ಜೂನ್ ತಿಂಗಳ ಮೊದಲ ವಾರ. ಸರ್ಕಾರಿ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಕುಳಿತಿದ್ದೆ. ಒಂಬತ್ತನೇ ತರಗತಿಗೆ ಬಂದ ಮಗಳನ್ನು ಕರೆದುಕೊಂಡು ತಂದೆಯೊಬ್ಬರು ಬಂದರು. ಮುಖ್ಯ ಶಿಕ್ಷಕಿ ಕೇಳಿದರು: “ಮೂರನೇ ಭಾಷೆ ಹಿಂದಿ ತಗೋತಾಳಾ, ಅದರ ಬದಲಿಗೆ ಆಟೊಮೊಬೈಲ್ ತಗೋತಾಳಾ?” ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಂದೆಯೇ ಕೇಳಿಬಿಟ್ಟರು: “ಮೇಡಂ, ಬದಲಿಗೆ ಅಂದ್ರೆ ಮುಂದೆ ಏನಾದ್ರೂ ಕಮ್ಮಿ ಆಗುತ್ತಾ?”

ಇದು ಆ ತಂದೆಯೊಬ್ಬರ ಭಯವಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಕೈಕೆಲಸಕ್ಕೂ ಕಲೆಗೂ ಜಾಗ ಕೊಡಬೇಕೆಂಬ ಮಾತು ಹುಟ್ಟಿ ನೂರನಲವತ್ತು ವರ್ಷ ಕಳೆದಿವೆ. ಅಷ್ಟೂ ಕಾಲ ಆ ಜಾಗ ಸಿಕ್ಕಿದ್ದು ಬೇರೆ ಯಾವುದೋ ಒಂದರ ಬದಲಿಗೆ. ಯಾವುದರ ಬದಲಿಗೆ ಎಂಬುದಷ್ಟೇ ಕಾಲಕಾಲಕ್ಕೆ ಬದಲಾಗುತ್ತ ಬಂತು.

1882ರ ಹಂಟರ್ ಆಯೋಗ ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ಕವಲಾಗಿ ಒಡೆಯಬೇಕೆಂದು ಸಲಹೆ ಮಾಡಿತು. ‘ಎ’ ಕವಲು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ, ‘ಬಿ’ ಕವಲು ವ್ಯಾಪಾರಕ್ಕೆ, ವ್ಯವಹಾರಕ್ಕೆ, ಕೈಯಿಂದ ಬದುಕುವ ಉದ್ಯೋಗಗಳಿಗೆ. ಕಾಗದದ ಮೇಲೆ ಎರಡಕ್ಕೂ ಸಮಾನ ಗೌರವ. ಆದರೆ ಸರ್ಕಾರಿ ನೌಕರಿಗೆ ಬೇಕಾದದ್ದು ಮೆಟ್ರಿಕ್ಯುಲೇಷನ್. ಹೀಗಿರುವಾಗ ಯಾವ ತಂದೆ ಮಗನನ್ನು ‘ಬಿ’ಗೆ ಕಳಿಸಿಯಾನು? ಆ ಕವಲು ಒಣಗಿಹೋಯಿತು.

ಮೈಸೂರು ಸಂಸ್ಥಾನದಲ್ಲಿ ಸ್ವಲ್ಪ ಭಿನ್ನವಾದ ಯೋಚನೆ ನಡೆಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಕೈಗಾರಿಕಾ ಶಾಲೆಗಳೆಂದರೆ ರಾಜ್ಯದ ಆರ್ಥಿಕತೆಯ ಬೇರು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರದ ಕೆತ್ತನೆ, ಕೂಡಿಕೆ ಕೆಲಸ, ಚಿತ್ರಕಲೆಗಳು ಪದ್ಧತಿಯಂತೆ ಕಲಿಸುವ ವಿದ್ಯೆಗಳಾದವು. ಆದರೂ ಅದು ಹೈಸ್ಕೂಲಿನ ಗೋಡೆಯ ಆಚೆಗೇ ಉಳಿಯಿತು. ಗೋಡೆಯ ಒಳಗೆ ಆಗುತ್ತಿದ್ದುದನ್ನು ಅದೇ ದಶಕದಲ್ಲಿ ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ರಂಗದ ಮೇಲೆ ತಂದರು. ಪುಸ್ತಕ ಉರುಹೊಡೆದು ಪಾಸಾಗುವ ಮಗ ಒಬ್ಬ, ಶಾಲೆಯಲ್ಲಿ ಹಿಂದಾದರೂ ಮನೆಗೆ ಕಷ್ಟ ಬಂದಾಗ ಕೈಜೋಡಿಸುವ ಮಗ ಇನ್ನೊಬ್ಬ. ಯಾರು ಟೊಳ್ಳು, ಯಾರು ಗಟ್ಟಿ ಎಂದು ನೋಡಿದವರಿಗೆಲ್ಲ ತಿಳಿಯಿತು. ಮರುದಿನ ಎಲ್ಲರೂ ಮಕ್ಕಳನ್ನು ಉರುಹೊಡೆಯಲು ಕೂರಿಸಿದರು.

‘ಬದಲಿಗೆ’ ಎಂಬ ಮಾತನ್ನೇ ಒಪ್ಪದ ಪ್ರಯೋಗ ಒಂದು ನಡೆಯಿತು. ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಝಾಕಿರ್ ಹುಸೇನರ ಸಮಿತಿ ಅದೇ ಡಿಸೆಂಬರಿಗೆ ವರದಿ ಕೊಟ್ಟಿತು. ಅದರ ವೇಳಾಪಟ್ಟಿ ನೋಡಿದರೆ ಇಂದಿಗೂ ಬೆರಗಾಗುತ್ತದೆ: ದಿನದ ಐದೂವರೆ ಗಂಟೆಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕಸುಬಿಗೆ. ಸಂಗೀತ, ಚಿತ್ರ, ಲೆಕ್ಕ ಮೂರೂ ಸೇರಿ ನಲವತ್ತು ನಿಮಿಷ, ಮಾತೃಭಾಷೆಗೆ ನಲವತ್ತು. ಹಾಗಂತ ಲೆಕ್ಕವನ್ನೂ ಭಾಷೆಯನ್ನೂ ಕಡೆಗಣಿಸಿದ್ದಲ್ಲ. ಹಂಜಿಯಿಂದ ನೂಲು ತೆಗೆಯುವ ಮಗು ಎಷ್ಟು ತೂಕದ ಹತ್ತಿಗೆ ಎಷ್ಟು ಉದ್ದದ ನೂಲು ಬಂತೆಂದು ಎಣಿಸುವಾಗಲೇ ಗಣಿತ, ಹತ್ತಿ ಯಾವ ಮಣ್ಣಿನಲ್ಲಿ ಬೆಳೆಯುತ್ತದೆಂದು ಕೇಳುವಾಗಲೇ ಭೂಗೋಳ, ಆ ನೂಲು ಯಾರ ಗಿರಣಿಗೆ ಹೋಗಿ ಯಾರ ಬಟ್ಟೆಯಾಗಿ ಮರಳುತ್ತಿತ್ತೆಂದು ತಿಳಿಯುವಾಗಲೇ ಚರಿತ್ರೆ. ಇಲ್ಲಿ ಕಸುಬು ಪುಸ್ತಕದ ಎದುರಾಳಿಯಾಗಿರಲಿಲ್ಲ. ಪುಸ್ತಕಕ್ಕೆ ದಾರಿ ಕಸುಬಿನ ಮೂಲಕವೇ ಇತ್ತು.

ಇದು ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಂದು ರೂಪಿಸಿದ್ದು, ಹೈಸ್ಕೂಲಿಗಲ್ಲ. ಮಕ್ಕಳು ಮಾಡಿದ ವಸ್ತುವಿನ ಮಾರಾಟದಿಂದಲೇ ಶಾಲೆಯ ಖರ್ಚು ನಡೆಯಬೇಕೆಂಬ ಗಾಂಧೀಜಿಯ ಅಪೇಕ್ಷೆ ಮಕ್ಕಳನ್ನು ದುಡಿಮೆಗೆ ಹಚ್ಚೀತೆಂಬ ಆಕ್ಷೇಪ ಆಗಲೇ ಬಂತು, ಅದು ನ್ಯಾಯವಾದದ್ದೇ. ನನ್ನ ದೃಷ್ಟಿಯಲ್ಲಿ ಇದನ್ನು ಕೆಡಿಸಿದ್ದು ಆ ಆಕ್ಷೇಪವಲ್ಲ. ಸ್ವಾತಂತ್ರ್ಯಾನಂತರ ಮೂಲಶಿಕ್ಷಣ ಎನಿಸಿಕೊಂಡ ಈ ಪದ್ಧತಿ ಹಳ್ಳಿ ಶಾಲೆಗಳಿಗೆ ಬಂತು, ಪೇಟೆಯ ಇಂಗ್ಲಿಷ್ ಶಾಲೆಗಳಿಗೆ ಬರಲಿಲ್ಲ. ತಕಲಿ ಹಿಡಿದ ಮಗು ಬಡವರ ಮಗು ಎಂದಾಯಿತು. ಒಂದೇ ಶಾಲೆಯೊಳಗೆ ಇಲ್ಲದ ‘ಬದಲಿಗೆ’ ಎರಡು ಶಾಲೆಗಳ ನಡುವೆ ಬಂದು ನಿಂತಿತು.

ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ನಾಟಕ, ಕುಣಿತ, ಚಿತ್ರ, ತಿರುಗಾಟಗಳಿಗೆ ಬಿಟ್ಟು ಕಲಿಸಲು ಹೊರಟದ್ದೂ ಹೆಚ್ಚುಕಡಿಮೆ ವಾರ್ಧಾದ ಕಾಲದಲ್ಲೇ. ಅದು ಒಬ್ಬ ಮನುಷ್ಯನ ಹುರುಪಿನ ಮೇಲೆ ನಿಂತ ಪ್ರಯೋಗ. ಇಲಾಖೆ ಅದರಿಂದ ಹೆಚ್ಚೇನೂ ಎತ್ತಿಕೊಳ್ಳಲಿಲ್ಲ.

1952-53ರ ಮುದಲಿಯಾರ್ ಆಯೋಗ ಬಂದಾಗ ಹೈಸ್ಕೂಲಿನಲ್ಲಿ ಆಯ್ಕೆ ಎಂಬುದು ಮೊದಲ ಬಾರಿಗೆ ಅಚ್ಚುಕಟ್ಟಾದ ರೂಪ ಪಡೆಯಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂದು ಏಳು ಗುಂಪು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಯಾವ ಗುಂಪಿನವರಾದರೂ ಒಂದು ಕಸುಬನ್ನು ಕಲಿಯಲೇಬೇಕು. ಇದಕ್ಕಾಗಿ ದೇಶದಾದ್ಯಂತ ಬಹೂದ್ದೇಶ ಶಾಲೆಗಳು ತೆರೆದವು. ಅಲ್ಲಿ ಕಲಿಸುವ ಶಿಕ್ಷಕರನ್ನು ತಯಾರಿಸಲು 1963ರಲ್ಲಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳಾದವು, ಜೊತೆಗೆ ಒಂದೊಂದು ಪ್ರಾತ್ಯಕ್ಷಿಕ ಬಹೂದ್ದೇಶ ಶಾಲೆ, ಅಂದರೆ ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಆ ಶಾಲೆಯನ್ನು ಊರಿನವರು ಇವತ್ತಿಗೂ ಡಿಎಂಎಸ್ ಎನ್ನುತ್ತಾರೆ. ಹೆಸರಿನ ನಡುವಿನ ‘ಎಂ’ ಯಾವುದಕ್ಕೆಂದು ಅಲ್ಲಿನ ಮಕ್ಕಳನ್ನೇ ಕೇಳಿದರೆ ಕೆಲವರು ಮೈಸೂರು ಎನ್ನುತ್ತಾರೆ.

ಏಳು ಗುಂಪು ಏಳು ಬಾಗಿಲಾಗಲಿಲ್ಲ. ಎಂಜಿನಿಯರಿಂಗ್, ವೈದ್ಯಕೀಯದ ಬಾಗಿಲಿಗೆ ವಿಜ್ಞಾನದ ಕೀಲಿ ಮಾತ್ರ ಕೂರುತ್ತಿತ್ತು. ಕೃಷಿಯನ್ನೋ ಲಲಿತಕಲೆಯನ್ನೋ ಆರಿಸಿಕೊಂಡ ಹುಡುಗ ವಿಜ್ಞಾನವನ್ನು ಬಿಟ್ಟಂತೆಯೇ ಲೆಕ್ಕ.

ನಾನು ಓದಿದ ಹೈಸ್ಕೂಲಿನ ಹಿಂದೆ ಒಂದು ಶೆಡ್ ಇತ್ತು. ಒಳಗೆ ಉಳಿ, ಕೀಸುಳಿ, ಕೈಗರಗಸ, ಹಲಗೆಯ ಒಂದು ಉದ್ದ ಮೇಜು. ಕ್ರಾಫ್ಟ್ ಮೇಷ್ಟ್ರು ವಾರಕ್ಕೆ ಎರಡು ಪೀರಿಯಡ್ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮರದ ನಾರು ಹೋದ ದಿಕ್ಕಿಗೆ ವಿರುದ್ಧವಾಗಿ ಕೀಸಿದರೆ ಸಿಬಿರೇಳುತ್ತದೆ ಎಂದು ಕಲಿತದ್ದು ಅಲ್ಲಿ. ಲಂಬಕೋನ ಎಂದರೇನೆಂದು ನಿಜವಾಗಿ ಗೊತ್ತಾದದ್ದು ರೇಖಾಗಣಿತದ ತರಗತಿಯಲ್ಲಲ್ಲ, ನಾನು ಮಾಡಿದ ಪೆಟ್ಟಿಗೆಯ ಮುಚ್ಚಳ ಕೂರದಿದ್ದಾಗ. ಹತ್ತನೇ ತರಗತಿ ಬಂದ ಕೂಡಲೇ ಶೆಡ್ಡಿಗೆ ಬೀಗ ಬಿತ್ತು. ಪಬ್ಲಿಕ್ ಪರೀಕ್ಷೆಗೆ ಇಲ್ಲದ್ದಕ್ಕೆ ಪೀರಿಯಡ್ ಯಾಕೆಂದು ಆ ಎರಡು ಪೀರಿಯಡ್‌ಗಳನ್ನು ಗಣಿತಕ್ಕೆ ಕೊಟ್ಟರು. ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ.

ಆಮೇಲಿನ ವರದಿಗಳನ್ನು ಬೇಗ ದಾಟಬಹುದು. 1966ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದಿತು. 1986ರ ರಾಷ್ಟ್ರೀಯ ನೀತಿ 1990ಕ್ಕೆ ಶೇ 10, 1995ಕ್ಕೆ ಶೇ 25ರಷ್ಟು ಹೈಯರ್ ಸೆಕೆಂಡರಿ ಮಕ್ಕಳು ವೃತ್ತಿ ಕೋರ್ಸುಗಳಲ್ಲಿರಬೇಕೆಂದು ಗುರಿ ಇಟ್ಟಿತು. 1992ರಲ್ಲಿ ನೀತಿಯನ್ನು ಪರಿಷ್ಕರಿಸುವಾಗ ಗುರಿ ಅದೇ ಉಳಿಯಿತು, ಗಡುವು ಐದೈದು ವರ್ಷ ಮುಂದಕ್ಕೆ ಹೋಯಿತು. ಕರ್ನಾಟಕದಲ್ಲಿ ಈ ಆಶಯಕ್ಕೆ ಸಿಕ್ಕ ಆಕಾರ ಪಿಯು ಹಂತದ ಜೆಒಸಿ, ಅಂದರೆ ವೃತ್ತಿಪರ ಕೋರ್ಸುಗಳು. ರೇಷ್ಮೆ, ಹೈನುಗಾರಿಕೆ, ವೈರಿಂಗ್, ಉಡುಪು ತಯಾರಿಕೆ ಹೀಗೆ ಹಲವು. ಒಳ್ಳೆಯ ಕೈಗಳು ಅಲ್ಲಿಂದ ಹೊರಬಂದವು. ಆದರೆ ಅದನ್ನು ಓದುವುದು ಪಿಯುಸಿಯ ಬದಲಿಗೆ. ಪದವಿಯ ಕಡೆಗೆ ತಿರುಗಬೇಕೆಂದಾಗ ದಾರಿ ಕಿರಿದಾಯಿತು. ಕೋರ್ಸುಗಳು ಕೊನೆಗೆ ಮುಚ್ಚಿದವು.

ಕಲೆಗಳ ಕಥೆ ಬೇರೆ ದಾರಿಯಲ್ಲಿ ಸಾಗಿತು. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನೂ, ಸಂಗೀತ, ನೃತ್ಯ, ತಾಳವಾದ್ಯಗಳ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ನಡೆಸಿತು. ಇವುಗಳ ಗೌರವ ದೊಡ್ಡದು. ಸಣ್ಣ ಊರಿನ ಎಷ್ಟೋ ಹುಡುಗಿಯರು ವೀಣೆಗೂ ಮೃದಂಗಕ್ಕೂ ಒಂದು ಸರ್ಕಾರಿ ಸರ್ಟಿಫಿಕೇಟು ಇರುವ ಕಾರಣಕ್ಕೇ ಮನೆಯವರ ಒಪ್ಪಿಗೆ ಗಳಿಸಿದರು. ಆದರೆ ಇವೆಲ್ಲ ಶಾಲೆಯ ಗಂಟೆ ಬಾರಿಸಿದ ಮೇಲಿನ ವಿದ್ಯೆಗಳು. ಎಸ್ಸೆಸ್ಸೆಲ್ಸಿಯ ವೇಳಾಪಟ್ಟಿಯಲ್ಲಿ ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂಬ ಹೆಸರುಗಳು ವಿಜ್ಞಾನದ ದಿನವೇ ಅಚ್ಚಾಗುತ್ತವೆ. ಅದು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ವಿಜ್ಞಾನದ ಬದಲಿಗೆ ಇರುವ ಅವಕಾಶ. ಆ ಮಕ್ಕಳಿಗೆ ಅದು ದೊರೆತದ್ದು ಸರಿಯಾದದ್ದೇ. ವಿಜ್ಞಾನವನ್ನೂ ಓದಿ ಸಂಗೀತವನ್ನೂ ಓದುವ ಭಾಗ್ಯ ಉಳಿದ ಮಕ್ಕಳಿಗೆ ಯಾಕಿಲ್ಲ ಎಂಬುದು ನನ್ನ ಸಂಕಟ. ಹೀಗೆಯೇ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದು ಕರ್ನಾಟಕದ ಹೆಮ್ಮೆಯ ಕೆಲಸ. ನೀನಾಸಮ್‌ನಂಥ ಕಡೆ ಪಳಗಿದವರು ಪಾಠಗಳನ್ನು ರಂಗಕ್ಕೆ ತಂದರು, ಮಾತಾಡದ ಮಕ್ಕಳು ಮಾತಾಡಿದರು. ಆದರೆ ನಾಟಕ ಅಂಕಪಟ್ಟಿಯ ವಿಷಯವಾಗಲಿಲ್ಲ. ಅಂಕಪಟ್ಟಿಯಲ್ಲಿ ಇಲ್ಲದವರ ಪೀರಿಯಡ್ ಎಲ್ಲಿಗೆ ಹೋಗುತ್ತದೆಂದು ನಮ್ಮ ಶೆಡ್ಡಿನ ಬೀಗಕ್ಕೆ ಗೊತ್ತು.

2013ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು, ಅಂದರೆ ಎನ್‌ಎಸ್‌ಕ್ಯೂಎಫ್ ಅನ್ನು ಹೊರಡಿಸಿತು. ಅದರಡಿ ಕರ್ನಾಟಕದ ಆಯ್ದ ಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದವು ಬಂದವು. ಇಲ್ಲಿ ಒಂದು ನಿಜವಾದ ಮುನ್ನಡೆ ಇದೆ: ಇದು ಎಸ್ಸೆಸ್ಸೆಲ್ಸಿಯ ಪರೀಕ್ಷೆಗೇ ಬರುತ್ತದೆ, ಅಂಕವಾಗಿ ಬರುತ್ತದೆ. ಶೆಡ್ಡಿಗೆ ಬೀಗ ಹಾಕಲು ಸುಲಭವಿಲ್ಲ. ಆದರೆ ಕೂತದ್ದು ಮೂರನೇ ಭಾಷೆಯ ಕುರ್ಚಿಯಲ್ಲಿ. ಇತ್ತ ಸಿಬಿಎಸ್‌ಇ ಕೌಶಲ ವಿಷಯವನ್ನು ಆರನೆಯದಾಗಿ ಸೇರಿಸಿತು, ವಿಜ್ಞಾನ, ಗಣಿತ, ಸಮಾಜಗಳಲ್ಲಿ ಒಂದರಲ್ಲಿ ಫೇಲಾದರೆ ಅದರ ಬದಲಿಗೆ ಇದರ ಅಂಕ ಹಿಡಿಯುತ್ತದೆ. ಮಕ್ಕಳಿಗೆ ನೆರವಾಗುವ ನಿಯಮ, ಒಪ್ಪುತ್ತೇನೆ. ಆದರೆ ಜಾಣರಿಗೆ ಬೇಡದ್ದು, ಬೀಳುವವರಿಗೆ ಊರುಗೋಲು ಎಂಬ ಹಳೆಯ ಭಾವನೆಯನ್ನು ಅದು ಗಟ್ಟಿ ಮಾಡುತ್ತದೆ.

ಈ ದಾರಿಯಲ್ಲಿ ‘ಬದಲಿಗೆ’ ಇಲ್ಲದ ಎರಡನೆಯ ಯೋಚನೆ 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನದು. ಒಂಬತ್ತು, ಹತ್ತನೇ ತರಗತಿಯಲ್ಲಿ ಕಲೆ, ವೃತ್ತಿ, ದೈಹಿಕ ಶಿಕ್ಷಣಗಳು ಎಲ್ಲ ಮಕ್ಕಳಿಗೂ ವಿಷಯಗಳೇ ಎಂದು ಅದು ಹೇಳುತ್ತದೆ. ಗಿಡ-ಪ್ರಾಣಿಗಳ ಜೊತೆಗಿನ ಕೆಲಸ, ಯಂತ್ರ-ವಸ್ತುಗಳ ಜೊತೆಗಿನ ಕೆಲಸ, ಜನರಿಗೆ ಸೇವೆ ಕೊಡುವ ಕೆಲಸ ಎಂಬ ಮೂರು ಬಗೆಯನ್ನೂ ಮಗು ಮುಟ್ಟಿ ನೋಡಬೇಕು, ಆಮೇಲೆ ಆರಿಸಿಕೊಳ್ಳಲಿ. ವಾರ್ಧಾದ ಮಾತನ್ನು ಎಂಬತ್ತಾರು ವರ್ಷಗಳ ಮೇಲೆ ಹೈಸ್ಕೂಲಿಗೆ ತಂದಂತೆ ನನಗೆ ಕಾಣುತ್ತದೆ. ಆರಿಸುವ ಮೊದಲು ಮುಟ್ಟಬೇಕು ಎಂಬುದು ಇಷ್ಟು ವರದಿಗಳಲ್ಲಿ ನಾನು ಕಂಡ ಅತ್ಯಂತ ವಿವೇಕದ ಮಾತು. ಹದಿನಾಲ್ಕು ವರ್ಷದ ಮಗು ಒಮ್ಮೆಯೂ ಹಿಡಿಯದ ಸ್ಪ್ಯಾನರನ್ನು ಹಿಂದಿಯೊಡನೆ ಹೇಗೆ ತೂಗೀತು?

ಕರ್ನಾಟಕ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಬದಿಗಿಟ್ಟು ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗ ರಚಿಸಿತು. 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಭಾಷೆಯ ಬಗ್ಗೆ ಬೇಕಾದಷ್ಟು ವಾದ ನಡೆದಿದೆ. ಅದೇ ಶಿಫಾರಸಿನೊಳಗೆ ಆಟೊಮೊಬೈಲ್ ವಿಷಯದ ಭವಿಷ್ಯವೂ ಇದೆ ಎಂದು ಯಾರೂ ಕೇಳಿದ ಹಾಗಿಲ್ಲ. ಮೂರನೇ ಭಾಷೆಯ ಕುರ್ಚಿಯೇ ಹೋದರೆ ಅದರಲ್ಲಿ ಕೂತಿದ್ದ ವಿಷಯ ಎದ್ದು ಎಲ್ಲಿಗೆ ಹೋಗಬೇಕು? ವೇಳಾಪಟ್ಟಿಯಿಂದಲೇ ಹೊರಗೆ ಹೋಗಬಹುದು. ಇಲ್ಲವೇ ಮೊದಲ ಸಲ ತನ್ನದೇ ಕುರ್ಚಿ ಪಡೆಯಬಹುದು.

ಆವತ್ತು ಕಚೇರಿಯಲ್ಲಿ ಮುಖ್ಯ ಶಿಕ್ಷಕಿ ಆ ತಂದೆಗೆ ಸಮಾಧಾನವಾಗಿ ವಿವರಿಸಿದರು: ಅಂಕ ಅಷ್ಟೇ, ಪಿಯುಸಿಗೆ ಏನೂ ತೊಂದರೆಯಿಲ್ಲ. ತಂದೆ ಸ್ವಲ್ಪ ಹೊತ್ತು ಅರ್ಜಿ ನೋಡುತ್ತ ನಿಂತರು. ಆಮೇಲೆ ಮಗಳ ಕಡೆ ತಿರುಗಿ, “ನಿನಗೆ ಯಾವುದವ್ವಾ?” ಎಂದರು. ಹುಡುಗಿ ಕಿಟಕಿಯಾಚೆ ನಿಂತಿದ್ದ ಅಪ್ಪನ ಹಳೆಯ ಲೂನಾ ಕಡೆ ನೋಡಿದಳು.