ಶಲಾಕೆ ಮತ್ತು ಗೋಡೆ: ಮುಂಡಗೋಡದ ಶಾರ್ ಗಾದೆನ್ ವಿಹಾರ ಹುಟ್ಟಿದ ಬಗೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿರುವ ಟಿಬೇಟಿಯನ್ ನೆಲೆಯ ಹೆಸರು ಡೋಗುಲಿಂಗ್. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದು ಬರೀ ‘ಕ್ಯಾಂಪು’. ಒಂದನೇ ಕ್ಯಾಂಪಿನಲ್ಲಿ ಗಾದೆನ್ ಮಹಾವಿಹಾರವಿದೆ, ಎರಡನೇ ಕ್ಯಾಂಪಿನಲ್ಲಿ ಡ್ರೆಪುಂಗ್. ಗೋವಿನಜೋಳದ ಹೊಲಗಳ ನಡುವೆ ಹಾದು ಒಳಗೆ ಹೋದರೆ ಎಲ್ಲೆಲ್ಲೂ ಅದೇ ಕೆಂಗಂದು ಬಟ್ಟೆಯ ಭಿಕ್ಷುಗಳು, ಅದೇ ಹೊನ್ನಿನ ಬಣ್ಣದ ಮಾಡುಗಳು. ಆದರೆ ಗಾದೆನ್ನಿನ ಒಂದು ಅಂಗ 2008ರಲ್ಲಿ ಬೇರೆಯಾಯಿತು. ಶಾರ್ ಗಾದೆನ್ ಎಂಬ ಹೆಸರಿನ ಪ್ರತ್ಯೇಕ ವಿಹಾರವಾಗಿ ಅದು ಇಂದು ಪಕ್ಕದಲ್ಲೇ ನಿಂತಿದೆ. ಒಟ್ಟಿಗೆ ಹಿಮಾಲಯ ದಾಟಿ ಬಂದು, ಒಟ್ಟಿಗೆ ಕಾಡು ಕಡಿದು, ನಾಲ್ಕು ದಶಕ ಒಂದೇ ಪಂಕ್ತಿಯಲ್ಲಿ ಉಂಡವರ ನಡುವೆ ಗೋಡೆ ಎದ್ದದ್ದು ಹೇಗೆ? ಒಬ್ಬ ದೇವತೆಯ ಪೂಜೆಯ ವಿಚಾರವಾಗಿ ಜಗಳವಾಯಿತು ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳಲ್ಲ, ಆದರೆ ಸಾಲದು. ವಿಹಾರದ ಒಳಗಿನ ಮನೆತನಗಳು, ಗುರುಪರಂಪರೆ ಮತ್ತು ‘ವಿನಯ’ ಎಂಬ ಭಿಕ್ಷು ನಿಯಮಾವಳಿಯ ಒಂದು ಹಳೆಯ ವಿಧಿ, ಈ ಮೂರನ್ನೂ ಜೊತೆಗಿಟ್ಟು ನೋಡದೆ ಒಡಕಿನ ಗೆರೆ ಅಲ್ಲೇ ಯಾಕೆ ಬಿತ್ತು ಎಂಬುದು ತಿಳಿಯುವುದಿಲ್ಲ.

ಈ ನೆಲಕ್ಕೆ ವಿಹಾರಗಳು ಹೊಸವಲ್ಲ. ಮುಂಡಗೋಡಕ್ಕೆ ಹತ್ತಿರದ ಬನವಾಸಿಗೆ ರಕ್ಖಿತ ಥೇರನು ಧರ್ಮಪ್ರಚಾರಕ್ಕೆ ಬಂದನೆಂದು ‘ಮಹಾವಂಸ’ ಹೇಳುತ್ತದೆ. ಬಳ್ಳಿಗಾವೆಯಲ್ಲಿ 1065ರ ಸುಮಾರಿಗೆ ರೂಪಭಟ್ಟಯ್ಯನೆಂಬ ಅಧಿಕಾರಿ ಜಯಂತಿ ಪ್ರಬೌದ್ಧ ವಿಹಾರ ಕಟ್ಟಿಸಿದ. 1095ರ ಡಂಬಳದ ಶಾಸನ ಆರ್ಯತಾರೆಯ ಗುಡಿಗೆ ಸೆಟ್ಟಿಗಳು ಕೊಟ್ಟ ದತ್ತಿಯನ್ನು ನೆನೆಯುತ್ತದೆ. ಆ ಪರಂಪರೆ ಕಡಿದುಹೋಗಿ ಶತಮಾನಗಳು ಕಳೆದ ಮೇಲೆ ಬೌದ್ಧಸಂಘ ಇಲ್ಲಿಗೆ ಮತ್ತೆ ಬಂದದ್ದು ನಿರಾಶ್ರಿತರ ರೂಪದಲ್ಲಿ.

1959ರ ಮಾರ್ಚಿನಲ್ಲಿ ಹದಿನಾಲ್ಕನೆಯ ದಲೈ ಲಾಮಾ ಲ್ಹಾಸಾ ಬಿಟ್ಟರು. ಅವರ ಹಿಂದೆ ಬಂದ ಭಿಕ್ಷುಗಳಲ್ಲಿ ಸುಮಾರು 1500 ಜನರಿಗೆ ಪಶ್ಚಿಮ ಬಂಗಾಳದ ಬಕ್ಸಾ ದುವಾರದಲ್ಲಿ ತಂಗಲು ಜಾಗ ಸಿಕ್ಕಿತು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಸೆರೆಯಿಟ್ಟಿದ್ದ ಕೋಟೆ. ತಂಪು ನಾಡಿನಿಂದ ಬಂದವರಲ್ಲಿ ಹಲವರು ಅಲ್ಲಿನ ಸೆಕೆಯಲ್ಲಿ, ಇಕ್ಕಟ್ಟಿನಲ್ಲಿ ಕ್ಷಯಕ್ಕೆ ಸಿಕ್ಕಿ ಸತ್ತರು. ಉಳಿದವರು ಪಾಠ ಬಿಡಲಿಲ್ಲ. ಮೈಸೂರು ರಾಜ್ಯದಲ್ಲಿ ಎಸ್. ನಿಜಲಿಂಗಪ್ಪನವರ ಸರ್ಕಾರ ಟಿಬೇಟಿಯನ್ನರಿಗೆ ಭೂಮಿ ಕೊಡಲು ಮುಂದೆ ಬಂತು. 1966ರಲ್ಲಿ ಮುಂಡಗೋಡದ ಸುಮಾರು 4000 ಎಕರೆ ಪ್ರದೇಶದಲ್ಲಿ ಡೋಗುಲಿಂಗ್ ನೆಲೆ ಆರಂಭವಾಯಿತು. 1969ರ ಹೊತ್ತಿಗೆ ಬಕ್ಸಾದ ಭಿಕ್ಷುಗಳಲ್ಲಿ ಗಾದೆನ್ ಮತ್ತು ಡ್ರೆಪುಂಗ್‌ನವರು ಇಲ್ಲಿಗೆ ಬಂದರು. ಸೆರಾ ವಿಹಾರದವರು ಬೈಲಕುಪ್ಪೆಗೆ ಹೋದರು. ಗ್ರಂಥ ಹಿಡಿದ ಕೈಗಳು ಕೊಡಲಿ ಹಿಡಿದವು, ಪಂಡಿತರು ಗೋವಿನಜೋಳ ಬಿತ್ತಿದರು. ಗೃಹಸ್ಥರು ಚಳಿಗಾಲದಲ್ಲಿ ನಮ್ಮ ಊರುಗಳ ರಸ್ತೆ ಬದಿಯಲ್ಲಿ ಸ್ವೆಟರ್ ಹರಡಿ ಕೂತರು. ಉತ್ತರ ಕರ್ನಾಟಕದವರಾದ ನಮಗೆ ಟಿಬೆಟಿನ ಮೊದಲ ಪರಿಚಯ ಆಗಿದ್ದು ಆ ಸ್ವೆಟರುಗಳಿಂದ. ಅವುಗಳ ಹಿಂದೆ ಇಷ್ಟು ದೊಡ್ಡ ವಿದ್ಯಾಪೀಠವೊಂದು ಬೇರು ಬಿಡುತ್ತಿದೆ ಎಂಬುದನ್ನು ನಾವು ಬಹಳ ತಡವಾಗಿ ಅರಿತೆವು.

ಗಾದೆನ್ನಿನ ರಚನೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಗೆಲುಗ್ ಪಂಥದ ಪ್ರವರ್ತಕ ತ್ಸೊಂಗ್‌ಖಾಪ 1409ರಲ್ಲಿ ಲ್ಹಾಸಾದ ಬಳಿ ಸ್ಥಾಪಿಸಿದ ವಿಹಾರ ಇದು. ಅದರಲ್ಲಿ ಶಾರ್ತ್ಸೆ, ಜಾಂಗ್ತ್ಸೆ ಎಂಬ ಎರಡು ವಿದ್ಯಾಲಯಗಳು, ಎಂದರೆ ಮೂಡಣ ಶಿಖರ ಮತ್ತು ಬಡಗಣ ಶಿಖರ. ವಿದ್ಯಾಲಯದೊಳಗೆ ಖಂಗ್ತ್ಸೆನ್ ಎಂಬ ಮನೆಗಳು. ಟಿಬೆಟಿನ ಯಾವ ಸೀಮೆಯಿಂದ ಹುಡುಗ ಬಂದಿದ್ದಾನೆ ಎನ್ನುವುದರ ಮೇಲೆ ಅವನು ಸೇರುವ ಖಂಗ್ತ್ಸೆನ್ ಗೊತ್ತಾಗುತ್ತದೆ. ಊಟ, ವಸತಿ, ಕಾಯಿಲೆ ಬಿದ್ದರೆ ಆರೈಕೆ, ಸತ್ತರೆ ಸಂಸ್ಕಾರ ಎಲ್ಲವೂ ಅಲ್ಲಿಯದೇ. ಪಾಠ ವಿದ್ಯಾಲಯದ್ದು, ಬದುಕು ಖಂಗ್ತ್ಸೆನ್ನಿನದು. ನಮ್ಮ ದೊಡ್ಡ ಮಠಗಳ ಶಾಖೆಗಳನ್ನು ಇದಕ್ಕೆ ಹೋಲಿಸಬಹುದೇನೋ. ಆದರೆ ಖಂಗ್ತ್ಸೆನ್ನಿನ ನಂಟು ಇನ್ನೂ ಬಿಗಿಯಾದದ್ದು, ಒಡಹುಟ್ಟಿದವರ ನಂಟಿಗೆ ಹತ್ತಿರದ್ದು. ಶಾರ್ತ್ಸೆಯ ದೋಖಂಗ್ ಖಂಗ್ತ್ಸೆನ್ ಅಂಥದೊಂದು ಮನೆ. ದಲೈ ಲಾಮಾ ಅವರ ಕಿರಿಯ ಬೋಧಕರಾಗಿದ್ದ ತ್ರಿಜಾಂಗ್ ರಿನ್‌ಪೊಚೆ (1901–1981) ಆ ಮನೆಯವರು.

ಈಗ ವಿವಾದದ ದೇವತೆಗೆ ಬರಬಹುದು. ದೋರ್ಜೆ ಶುಗ್ದೆನ್‌ನ ಪಟದಲ್ಲಿ ಕಾಣುವುದು ಉರಿಮೋರೆಯ ಭಿಕ್ಷುವಿನ ರೂಪ. ತಲೆಯ ಮೇಲೆ ಅಗಲ ಅಂಚಿನ ಹೊಂಬಣ್ಣದ ದುಂಡು ಟೊಪ್ಪಿಗೆ, ಮುಖದಲ್ಲಿ ಮೂರು ಕಣ್ಣು. ಬಲಗೈ ಖಡ್ಗ ಎತ್ತಿದೆ, ಎಡಗೈಯಲ್ಲಿ ಶತ್ರುವಿನ ಹೃದಯವಿದೆ, ವಾಹನ ಹಿಮಸಿಂಹ. ಬುದ್ಧನ ಪ್ರಶಾಂತ ಮುಖವನ್ನಷ್ಟೇ ಬಲ್ಲ ನಮಗೆ ಇದು ವಿಚಿತ್ರವೆನಿಸಿದರೂ ಟಿಬೆಟಿನಲ್ಲಿ ಇಂಥ ಧರ್ಮಪಾಲರು ಹಲವರು. ನಮ್ಮ ಗುಡಿಗಳ ಬಾಗಿಲಲ್ಲೂ ಭೈರವಾಕೃತಿಗಳು ನಿಂತದ್ದಿದೆ. ಐತಿಹ್ಯದ ಪ್ರಕಾರ ಈ ದೇವತೆಯ ಮೂಲ ಡ್ರೆಪುಂಗ್‌ನ ದ್ರಕ್ಪ ಗ್ಯಾಲ್ತ್ಸೆನ್ (1619–1656) ಎಂಬ ಲಾಮಾ. ಆತ ಐದನೆಯ ದಲೈ ಲಾಮಾನ ಸಮಕಾಲೀನ, ಕೀರ್ತಿಯಲ್ಲಿ ಸರಿಸಮ. 1656ರಲ್ಲಿ ಸಂದೇಹಾಸ್ಪದವಾಗಿ ತೀರಿಕೊಂಡ. ಸತ್ತ ಮೇಲೆ ದುಷ್ಟಪ್ರೇತವಾದನೆಂದು ಒಂದು ಕಥನ, ಧರ್ಮರಕ್ಷಕನಾದನೆಂದು ಇನ್ನೊಂದು. ಎರಡು ಪಕ್ಷಗಳೂ ನಂಬುವುದು ಒಂದೇ ಸಾವನ್ನು, ಬೇರೆಯಾಗುವುದು ಆ ಸಾವಿನ ಮುಂದಿನ ಗತಿಯಲ್ಲಿ.

ಗೆಲುಗ್ ಪಂಥದಲ್ಲಿ ಈ ಪೂಜೆಗೆ ದೊಡ್ಡ ಸ್ಥಾನ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಪಾಬೊಂಗ್ಕ (1878–1941) ಎಂಬ ಲಾಮಾ ಮತ್ತು ಆತನ ಶಿಷ್ಯ ತ್ರಿಜಾಂಗ್‌ರ ಪ್ರಭಾವದಿಂದ. ವಿದ್ವಾಂಸ ಜಾರ್ಜ್ ಡ್ರೇಫಸ್ 1998ರ ತಮ್ಮ ಲೇಖನದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಹದಿನಾಲ್ಕನೆಯ ದಲೈ ಲಾಮಾ ಕೂಡ ಮೊದಲು ಈ ಪೂಜೆ ಮಾಡುತ್ತಿದ್ದವರೇ. 1975ರಲ್ಲಿ ಶಾರ್ತ್ಸೆಯ ಜೆಮೆ ರಿನ್‌ಪೊಚೆ ಪ್ರಕಟಿಸಿದ, ‘ಹಳದಿ ಪುಸ್ತಕ’ ಎಂದೇ ಹೆಸರಾದ ಕೃತಿ ಎಲ್ಲವನ್ನೂ ಕದಡಿತು. ಗೆಲುಗ್ ಪಂಥದವನಾಗಿದ್ದು ಞಿಂಗ್ಮ ಪಂಥದ ಸಾಧನೆಗೆ ಕೈಹಾಕಿದ ಲಾಮಾಗಳನ್ನು ಶುಗ್ದೆನ್ ಶಿಕ್ಷಿಸಿದ ಕಥೆಗಳು ಅದರಲ್ಲಿದ್ದವು. ದೇಶ ಕಳೆದುಕೊಂಡ ಜನರನ್ನು ಎಲ್ಲ ಪಂಥಗಳ ಆಚೆಗೆ ಒಂದುಗೂಡಿಸಲು ಹೆಣಗುತ್ತಿದ್ದ, ಸ್ವತಃ ಞಿಂಗ್ಮದ ಆದಿಗುರು ಪದ್ಮಸಂಭವನ ಉಪಾಸನೆಯಲ್ಲಿ ತೊಡಗಿದ್ದ ದಲೈ ಲಾಮಾ ಅವರಿಗೆ ಇದು ಬುಡಕ್ಕೆ ಕೊಡಲಿ ಎನಿಸಿದ್ದು ಸಹಜ. ಅವರು ಆ ಪೂಜೆ ಬಿಟ್ಟರು, 1978ರಲ್ಲಿ ಬಹಿರಂಗವಾಗಿ ವಿರೋಧಿಸಿದರು, 1996ರಲ್ಲಿ ಶುಗ್ದೆನ್ ಉಪಾಸಕರು ತಮ್ಮಿಂದ ದೀಕ್ಷೆ ಪಡೆಯಬಾರದೆಂದರು. ಇದನ್ನು ವಿರೋಧಿಸಿ ಲಂಡನ್ನಿನಲ್ಲಿ ಪ್ರತಿಭಟನೆಗಳಾದವು. 1997ರ ಫೆಬ್ರುವರಿ 4ರಂದು ಧರ್ಮಶಾಲೆಯಲ್ಲಿ ಬೌದ್ಧ ತರ್ಕಶಾಲೆಯ ಮುಖ್ಯಸ್ಥ ಲೊಬ್ಸಾಂಗ್ ಗ್ಯಾತ್ಸೊ ಮತ್ತು ಅವರ ಇಬ್ಬರು ಶಿಷ್ಯರ ಕೊಲೆಯಾಯಿತು. ಪೊಲೀಸರ ಸಂಶಯ ಶುಗ್ದೆನ್ ಪಕ್ಷದ ಕೆಲವರ ಮೇಲೆ ಬಿತ್ತು. ಆ ಪಕ್ಷದ ಸಂಘಟನೆಗಳು ಆರೋಪವನ್ನು ಅಲ್ಲಗಳೆದವು. ಅಲ್ಲಿಂದ ಮುಂದೆ ಇದು ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ.

ಮುಂಡಗೋಡದಲ್ಲಿ ಬಿಕ್ಕಟ್ಟು ದೋಖಂಗ್‌ನಲ್ಲೇ ಗಟ್ಟಿಯಾದದ್ದು ಆಕಸ್ಮಿಕವಲ್ಲ. ಆ ಮನೆಯ ಭಿಕ್ಷುವಿಗೆ ಶುಗ್ದೆನ್ ಪೂಜೆ ಎಂದರೆ ತ್ರಿಜಾಂಗ್ ರಿನ್‌ಪೊಚೆ ಕೊಟ್ಟ ಉಪದೇಶ. ಗುರು ಕೊಟ್ಟದ್ದನ್ನು ಬಿಡುವುದೆಂದರೆ ಗುರುದ್ರೋಹ. ಆದರೆ ಬಿಡು ಎನ್ನುತ್ತಿದ್ದ ದಲೈ ಲಾಮಾ ಅವರೂ ಅದೇ ಗುರುವಿನ ಶಿಷ್ಯರು, ಜನ ಅವಲೋಕಿತೇಶ್ವರನ ಅವತಾರವೆಂದು ನಂಬಿದವರು. ಈ ಇಕ್ಕಟ್ಟನ್ನು ‘ಪ್ರೇತಪೂಜೆ’ ಅಥವಾ ‘ಧಾರ್ಮಿಕ ಸ್ವಾತಂತ್ರ್ಯ’ ಎಂಬ ಒಂದು ಪದದಲ್ಲಿ ಮುಗಿಸುವ ಎರಡೂ ಕಡೆಯ ಬರಹಗಳು ನನಗೆ ಒಪ್ಪಿಗೆಯಾಗಿಲ್ಲ.

2008ರ ಜನವರಿಯಲ್ಲಿ ಡ್ರೆಪುಂಗ್ ಲೊಸೆಲಿಂಗ್‌ನ ಹೊಸ ಪ್ರಾರ್ಥನಾ ಮಂದಿರದ ಉದ್ಘಾಟನೆಗೆ ಬಂದ ದಲೈ ಲಾಮಾ, ಈ ವಿಷಯವನ್ನು ವಿನಯದ ರೀತಿಯಲ್ಲಿ ಬಹುಮತದಿಂದ ತೀರ್ಮಾನಿಸಿ ಎಂದರು. ಕೇಳಬೇಕಾದ ಪ್ರಶ್ನೆ ಎರಡು: ಶುಗ್ದೆನ್ ಪೂಜೆ ಬೇಕೆ? ಪೂಜಿಸುವವರೊಡನೆ ಕೂಡಿ ಬಾಳಬೇಕೆ? ಮುಂದಿನ ವಾರಗಳಲ್ಲಿ ವಿಹಾರಗಳಲ್ಲಿ ಶಲಾಕೆ, ಎಂದರೆ ಮತದ ಕಡ್ಡಿ, ಎತ್ತುವ ವಿಧಿ ನಡೆಯಿತು. ಪೂಜೆ ಬಿಡುತ್ತೇವೆಂಬ, ಪೂಜಿಸುವವರೊಡನೆ ಕೊಡುಕೊಳ್ಳುವಿಕೆ ಇರದೆಂಬ ಪ್ರತಿಜ್ಞೆಗಳಾದವು. ಒಪ್ಪದ ದೋಖಂಗ್ ಭಿಕ್ಷುಗಳು ಶಾರ್ತ್ಸೆಯಿಂದ ಹೊರಬಿದ್ದು ಶಾರ್ ಗಾದೆನ್ ಆದರು. ಬೈಲಕುಪ್ಪೆಯಲ್ಲಿ ಸೆರಾ ಮೇ ವಿದ್ಯಾಲಯದ ಪೊಮ್ರ ಖಂಗ್ತ್ಸೆನ್ ಹೀಗೆಯೇ ಬೇರೆಯಾಗಿ ಸೆರ್‌ಪೊಮ್ ವಿಹಾರವಾಯಿತು. ಎರಡೂ ಕಡೆ ಒಡಕು ಬಂದದ್ದು ಖಂಗ್ತ್ಸೆನ್ನಿನ ಗೆರೆಯಗುಂಟ ಎಂಬುದನ್ನು ಗಮನಿಸಬೇಕು. ಬಿಡಿ ಬಿಡಿ ಭಿಕ್ಷುಗಳ ಆತ್ಮಸಾಕ್ಷಿಗೆ ಹಾಕಿದ ಪ್ರಶ್ನೆಗೆ ಉತ್ತರ ಬಂದದ್ದು ಬಹುಪಾಲು ಮನೆಯಿಂದ.

ಈ ಶಲಾಕೆಯ ವಿಧಿ ಏನು? ಟಿಬೇಟಿಯನ್ನರು ಪಾಲಿಸುವುದು ಮೂಲಸರ್ವಾಸ್ತಿವಾದ ವಿನಯವನ್ನು. ವ್ಯಾಜ್ಯ ಶಮನಕ್ಕೆ ಏಳು ಬಗೆ, ಅದರಲ್ಲಿ ಬಹುಮತವೂ ಒಂದು ಎಂಬ ಚೌಕಟ್ಟು ಅದರಲ್ಲೂ ಪಾಲಿ ವಿನಯದಲ್ಲೂ ಸಮಾನ. ಪಾಲಿಯ ‘ಚುಲ್ಲವಗ್ಗ’ ಶಲಾಕೆ ಹಂಚುವ ಮೂರು ರೀತಿ ಹೇಳುತ್ತದೆ: ಗುಟ್ಟಾಗಿ, ಕಿವಿಯಲ್ಲಿ ಉಸುರಿ, ಬಹಿರಂಗವಾಗಿ. ಗುಟ್ಟಿನ ಮತದಲ್ಲಿ ಅಧರ್ಮವಾದಿಗಳೇ ಹೆಚ್ಚಾದರೆ ಶಲಾಕೆಗಳನ್ನು ವಾಪಸು ಪಡೆಯಬೇಕು ಎನ್ನುತ್ತದೆ. ಅಂದರೆ ಅಲ್ಲಿ ಎಣಿಕೆಯೇ ಅಂತಿಮವಲ್ಲ, ಸಂಘ ಒಡೆಯದಂತೆ ಕಾಯುವುದು ಉದ್ದೇಶ. ಮುಂಡಗೋಡದಲ್ಲಿ ಬಹುಮತ ಎತ್ತ ಇದೆಯೆಂಬುದು ಕಡ್ಡಿ ಎತ್ತುವ ಮುನ್ನವೇ ಎಲ್ಲರಿಗೂ ಗೊತ್ತಿತ್ತು. ಮೇಲಾಗಿ ಎರಡನೆಯ ಪ್ರಶ್ನೆ ಧರ್ಮಸಂದೇಹದ್ದಲ್ಲ, ಸಹವಾಸದ್ದು. ಒಡಕು ತಡೆಯಲೆಂದು ಹುಟ್ಟಿದ ವಿಧಿ ಇಲ್ಲಿ ಒಡಕನ್ನು ಕ್ರಮಬದ್ಧಗೊಳಿಸಿತು ಎಂಬುದು ನನ್ನ ಅಭಿಪ್ರಾಯ. ಬಹಿರಂಗ ಹೊಡೆದಾಟಕ್ಕಿಂತ ಅದು ಮೇಲು ಎನ್ನುವ ವಾದಕ್ಕೂ ತೂಕವಿದೆ.

ಪಾಲಿ ವಿನಯದ ‘ಮಹಾವಗ್ಗ’ದಲ್ಲಿರುವ ಕೋಸಂಬಿ ಪ್ರಕರಣ ಇನ್ನೂ ಹತ್ತಿರದ್ದು. ಜಗಳವಾಡಿ ಬೇರೆಯಾದ ಭಿಕ್ಷುಗಳನ್ನು ಅಲ್ಲಿ ‘ನಾನಾಸಂವಾಸಕ’ರು ಎನ್ನಲಾಗಿದೆ. ಅವರು ಒಂದೇ ಸೀಮೆಯೊಳಗೆ ಬೇರೆ ಬೇರೆಯಾಗಿ ಉಪೋಸಥ, ಎಂದರೆ ಸಂಘದ ನಿಯತ ಕೂಟ, ಮಾಡಿದರೂ ಎರಡೂ ಸಿಂಧು. ನಾನಾಸಂವಾಸಕನಾಗಲು ದಾರಿ ಎರಡು: ತಾನಾಗಿ ಬೇರೆಯಾಗುವುದು, ಇಲ್ಲವೇ ಸಂಘವೇ ಹೊರಗಿಡುವುದು. ಶಾರ್ ಗಾದೆನ್‌ನ ಇಡೀ ವಿವಾದ ಈ ಎರಡು ದಾರಿಗಳ ನಡುವೆ ನಿಂತಿದೆ. ‘ನಮ್ಮನ್ನು ಹೊರಗೆ ಹಾಕಿದರು’ ಎನ್ನುತ್ತದೆ ಒಂದು ಪಕ್ಷ. ‘ಅವರೇ ಬೇರೆ ದಾರಿ ಹಿಡಿದರು’ ಎನ್ನುತ್ತದೆ ಇನ್ನೊಂದು.

ದೆಹಲಿ ಹೈಕೋರ್ಟಿಗೆ ಹೋದದ್ದೂ ಇದೇ ಪ್ರಶ್ನೆ. ಶುಗ್ದೆನ್ ಉಪಾಸಕರ ಸಂಘಟನೆ ತಾರತಮ್ಯದ ದೂರಿನೊಂದಿಗೆ ಸಲ್ಲಿಸಿದ ರಿಟ್ ಅರ್ಜಿಯನ್ನು 2010ರ ಏಪ್ರಿಲ್ 5ರಂದು ನ್ಯಾಯಮೂರ್ತಿ ಎಸ್. ಮುರಳೀಧರ್ ವಜಾ ಮಾಡಿದರು. ಆರೋಪಗಳು ಅಸ್ಪಷ್ಟ, ನಿರ್ದಿಷ್ಟ ಘಟನೆಗಳ ವಿವರವಿಲ್ಲ, ಪೂಜೆಯ ವ್ಯಾಜ್ಯ ರಿಟ್‌ನಲ್ಲಿ ತೀರುವಂಥದಲ್ಲ ಎಂಬುದು ತೀರ್ಪಿನ ಸಾರ. ಮಠದ ವ್ಯಾಜ್ಯಗಳು ಕನ್ನಡಿಗರಿಗೆ ಹೊಸವಲ್ಲ; ಧಾರ್ಮಿಕ ಪಂಥದ ಆಂತರಿಕ ವ್ಯವಹಾರಕ್ಕೆ ಸಂವಿಧಾನದ ರಕ್ಷಣೆ ಎಷ್ಟು ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಮೊದಲು ವಿಸ್ತಾರವಾಗಿ ಹೇಳಿದ್ದೇ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. 1962ರ ದಾವೂದಿ ಬೋಹ್ರಾ ತೀರ್ಪು ಬಹಿಷ್ಕಾರವನ್ನೂ ಧರ್ಮಗುರುವಿನ ಅಧಿಕಾರವೆಂದು ಎತ್ತಿಹಿಡಿಯಿತು. ಆ ನೆರಳಿನಲ್ಲಿ ಹೊರಗಾದವನ ಅಂಗಡಿ ವ್ಯವಹಾರ, ಅವನ ಮನೆಯವರ ಕಷ್ಟ ನ್ಯಾಯಾಲಯದ ಕಣ್ಣಿಗೆ ಬೀಳುವುದು ಕಷ್ಟ. ಆ ಕಷ್ಟದ ಸಾಕ್ಷ್ಯವನ್ನು ಹೆಸರು, ದಿನಾಂಕಗಳೊಂದಿಗೆ ಸಂಗ್ರಹಿಸುವ ಕೆಲಸ ಕನ್ನಡದ ಸಂಶೋಧಕರಿಂದ ಇನ್ನೂ ಆಗಬೇಕಿದೆ. ಭೂಮಿ ನಮ್ಮದು, ಶಾಸನ ಪರಂಪರೆ ನಮ್ಮದು, ಹೊಣೆಯೂ ನಮ್ಮದು.

ಗಾದೆನ್ನಿನ ಅಂಗಳದಲ್ಲಿ ಸಂಜೆ ಶಾಸ್ತ್ರಾರ್ಥ ನಡೆಯುತ್ತದೆ. ಕೂತವನ ಮುಂದೆ ನಿಂತವನು ಪ್ರಶ್ನೆ ಹಾಕಿ, ಬಲಗೈ ಮೇಲೆತ್ತಿ, ಎಡಗಾಲು ಅಪ್ಪಳಿಸಿ, ಎಡ ಅಂಗೈ ಮೇಲೆ ಚಟಾರನೆ ತಟ್ಟುತ್ತಾನೆ. ನೂರಾರು ಜೋಡಿ ಒಮ್ಮೆಲೇ ತಟ್ಟಿದಾಗ ಆ ಸದ್ದಿಗೆ ಗೋಡೆಯ ಲೆಕ್ಕವಿಲ್ಲ. ಶಾರ್ತ್ಸೆಯಲ್ಲಿ ತಲೆಮಾರುಗಳಿಂದ ಈ ವಾದಕ್ಕೆ ಆಧಾರವಾದ ಪಠ್ಯಗಳು ಪಣ್‌ಚೆನ್ ಸೋನಮ್ ದ್ರಕ್ಪ (1478–1554) ಬರೆದವು. ದೋಖಂಗ್‌ನವರೂ ಉಳಿದ ಶಾರ್ತ್ಸೆಯವರೂ 2008ರ ತನಕ ಒಂದೇ ಅಂಗಳದಲ್ಲಿ ಅವನ್ನೇ ಓದಿದರು. ಟಿಬೆಟಿನ ಪುನರ್ಜನ್ಮದ ವಂಶಾವಳಿಯಲ್ಲಿ ಈ ಸೋನಮ್ ದ್ರಕ್ಪನೇ ಮುಂದೆ ಹುಟ್ಟಿಬಂದದ್ದು ದ್ರಕ್ಪ ಗ್ಯಾಲ್ತ್ಸೆನ್ ಆಗಿ, 1656ರಲ್ಲಿ ಸತ್ತ ಅದೇ ಲಾಮಾ ಆಗಿ.