ಪೇಟಿಯ ಉಸಿರು, ಕಾಲಿನ ಲೆಕ್ಕ

ಈಚೆಗೆ ಒಂದು ಸ್ಪರ್ಧೆಯಲ್ಲಿ ಹದಿನೈದರ ಹುಡುಗನೊಬ್ಬ ಪೇಟಿ (ಹಾರ್ಮೋನಿಯಂ) ಸೋಲೊಕ್ಕೆ ಕೂತು ಮೂರನೆಯ ನಿಮಿಷಕ್ಕೇ ದ್ರುತಕ್ಕೆ ಹಾರಿದ. ಭರ್ತಿ ಚಪ್ಪಾಳೆ ಬಿತ್ತು. ಬೆರಳು ತಯಾರಾಗಿದ್ದವು, ತಿದಿ ಆಗಿರಲಿಲ್ಲ. ಪೇಟಿ ಸಾಥಿಗೆ ಮಾತ್ರ ಲಾಯಕ್ಕು ಎನ್ನುವವರು ಒಂದು ಕಡೆ, ಓಡುವ ಬೆರಳೇ ಸೋಲೊ ಎನ್ನುವವರು ಇನ್ನೊಂದು ಕಡೆ. ಕೃಷ್ಣಾ, ದೂಧಗಂಗಾ ದಂಡೆಯಲ್ಲಿ ಈ ವಾದ್ಯ ಬೆಳೆದ ಬಗೆಯನ್ನು ಇಬ್ಬರೂ ಮರೆತಿದ್ದಾರೆ.

ಮೊದಲ ಕಥೆ ಚಿಕ್ಕದು. ಪ್ಯಾರಿಸ್ಸಿನ ದೆಬೆಯ್ನ್ 1842ರಲ್ಲಿ ಹಾರ್ಮೋನಿಯಂ ಹೆಸರಿನಲ್ಲಿ ಪೇಟೆಂಟ್ ಪಡೆದ. ಚರ್ಚಿನ ದೊಡ್ಡ ಆರ್ಗನ್ನಿಗೆ ಕೂರುವವನು ಯಾವ ಸಾಲಿನ ಕೊಳವೆ ಯಾವಾಗ ತೆರೆಯಬೇಕು, ಯಾವ ಪಾದ ಎಲ್ಲಿ ಬೀಳಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ. ಹಾರ್ಮೋನಿಯಂ ಅದರ ಬಡ ತಂಗಿ: ಕೊಳವೆಯ ಬದಲು ಹಿತ್ತಾಳೆಯ ರೀಡು, ಕಾಲಿಗೆ ಗಾಳಿ ತುಳಿಯುವ ಕೆಲಸ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಆ ಕಾಲು ತೆಗೆದು, ಕೈತಿದಿ ಹಚ್ಚಿ, ಪೇಟಿಯನ್ನು ಚಾಪೆಗೆ ಇಳಿಸಿದರು.

ನಾಟಕದವರು ಮಾತ್ರ ಕಾಲುಪೇಟಿಯನ್ನು ಬಿಡಲಿಲ್ಲ. ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿದ ಮೇಲೆ ಹಾಡಿನ ನಾಟಕ ನಮ್ಮ ಕಡೆ ಬೆಂಕಿಯಂತೆ ಹಬ್ಬಿತು. ವಾಮನರಾವ ಮಾಸ್ತರರ ಕಂಪನಿಯಾಗಲಿ, ಏಣಗಿ ಬಾಳಪ್ಪನವರದಾಗಲಿ, ಪೇಟಿ ಮಾಸ್ತರ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಅತ್ತ ಬಾಲಗಂಧರ್ವರ ಮಂಡಳಿಯಲ್ಲಿ ಕಾಲಿನಿಂದ ತುಳಿಯುವ ರೀಡಿನ ಆರ್ಗನ್ ಗಾಯಕನ ಅರ್ಧ ಉಸಿರೇ ಆಗಿತ್ತು. ಕಾಲು ಗಾಳಿ ನೋಡಿಕೊಂಡರೆ ಎರಡೂ ಕೈ ಬಿಡುವು: ಎಡಗೈ ಷಡ್ಜ ಹಿಡಿದಿರುತ್ತದೆ, ಬಲಗೈ ಹಾಡುತ್ತದೆ.

ಇಲ್ಲಿ ಗೋವಿಂದರಾವ ಟೆಂಬೆಯವರ (1881–1955) ಬಗ್ಗೆ ನಿಲ್ಲಲೇಬೇಕು. ಕೊಲ್ಹಾಪುರದ ಹತ್ತಿರದ ಸಾಂಗವಡೆಯವರು. ಶಾಹೂ ಮಹಾರಾಜರ ಕಾಲದ ಕೊಲ್ಹಾಪುರದಲ್ಲಿ ಅಲ್ಲಾದಿಯಾ ಖಾನರ ಗಾಯನ ಮೊಳಗುತ್ತಿತ್ತು. ಇಚಲಕರಂಜಿಯಲ್ಲಿ ಬಾಳಕೃಷ್ಣಬುವಾ ಗ್ವಾಲಿಯರ್ ಗಾಯಕಿಯ ಗಿಡ ನೆಟ್ಟಿದ್ದರು. ಟೆಂಬೆ ಭಾಸ್ಕರಬುವಾ ಬಖಲೆಯವರ ಸಾಥಿಗೆ ಕೂತು ಅವರ ಗಾಯಕಿಯನ್ನೇ ಪೇಟಿಗೆ ತಂದರು. 1911ರ ‘ಮಾನಾಪಮಾನ’ ನಾಟಕದ ಚಾಲುಗಳು ಅವರವೇ. ಸೋಲೊಕ್ಕೆ ಮರ್ಯಾದೆ ತಂದವರು ಯಾರೆಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದು. ಮುಂದೆ ಟಾಕಿ ಬಂತು, 1932ರಲ್ಲಿ ಅವರೇ ‘ಅಯೋಧ್ಯೆಚಾ ರಾಜಾ’ಕ್ಕೆ ಸಂಗೀತ ಕೊಟ್ಟರು, ಟಾಕಿಯ ಮುಂದೆ ಕಂಪನಿಗಳು ಕುಂಟತೊಡಗಿದವು.

1940ರಲ್ಲಿ ರೇಡಿಯೋ ಪೇಟಿಯನ್ನು ಹೊರಗೆ ಹಾಕಿತು. ಸ್ವರ ಬಾಗುವುದಿಲ್ಲ, ಶ್ರುತಿ ಸಿಗುವುದಿಲ್ಲ ಎಂಬ ತಕರಾರು ಸುಳ್ಳಲ್ಲ. ಆದರೆ ಮೂರು ದಶಕ ಬಹಿಷ್ಕಾರ ಹಾಕುವಷ್ಟು ದೊಡ್ಡದೂ ಅಲ್ಲ. ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲೇ ಕಾಗವಾಡದ ರಾಮಭಾವು ವಿಜಾಪುರೆಯವರು (1917–2010) ಬೆಳಗಾವಿಯಲ್ಲಿ ಕೂತು ಕೈ ಪಳಗಿಸಿದರು, ಶಿಷ್ಯರನ್ನೂ ಬೆಳೆಸಿದರು. ಮೊದಲು ಅಣ್ಣಿಗೇರಿ ಮಲ್ಲಯ್ಯನವರಲ್ಲಿ ಹಾಡು ಕಲಿತವರು ಅವರು. ಅದಕ್ಕೇ ಅವರ ಪೇಟಿ ಪದ ಹಾಡುತ್ತಿತ್ತು, ಲೆಕ್ಕ ಹೇಳುತ್ತಿರಲಿಲ್ಲ. ಧಾರವಾಡದ ವಸಂತ ಕನಕಾಪುರರದ್ದು ಬೇರೆ ಸೊಗಸು, ಗಾಯಕನ ಹಿಂದೆ ನೆರಳಿನಂತೆ ಹೋಗುವ ಕಲೆ.

ನಮ್ಮ ತಲೆಮಾರು ಕಲಿತ ತಯಾರಿ ಹೀಗಿತ್ತು. ಮೊದಲ ತಿಂಗಳು ಒಂದೇ ಷಡ್ಜ. ಪಟ್ಟಿ ಒತ್ತಿ ಹಿಡಿದು, ದನಿ ಉಬ್ಬದಂತೆ, ಕುಗ್ಗದಂತೆ ತಿದಿ ಆಡಿಸಬೇಕು. ಒಳತಿದಿ ಪೂರ್ತಿ ತುಂಬಲೂ ಬಾರದು, ಬರಿದಾಗಲೂ ಬಾರದು. ಆಮೇಲೆ ರಾಗದ ಆಯ್ಕೆ. ದರ್ಬಾರಿಯ ಗಾಂಧಾರ ಪೇಟಿಗೆ ದಕ್ಕುವುದಿಲ್ಲ, ಹಟ ಮಾಡಬಾರದು. ಯಮನ್, ಬಿಹಾಗ ಕೈ ಹಿಡಿಯುತ್ತವೆ. ಮೀಂಡು ಇಲ್ಲದ ವಾದ್ಯದಲ್ಲಿ ಹಿಂದಿನ ಪಟ್ಟಿಯ ಬೆರಳನ್ನು ಅರೆಕ್ಷಣ ತಡವಾಗಿ ಎತ್ತಿ, ನಡುವೆ ಕಣಸ್ವರ ಸವರಿ ಕಿವಿಗೆ ಮೋಸ ಮಾಡಬೇಕು. ವಿಲಂಬಿತದಲ್ಲಿ ಬಂದಿಶಿನ ಮಾತು ಬಾಯಲ್ಲಿ ಇರಲೇಬೇಕು: ಗಾಯಕ ಉಸಿರು ಎಳೆಯುವ ಕಡೆ ತಿದಿಯೂ ನಿಲ್ಲಬೇಕು. ಕೊನೆಗೆ ಒಂದು ನಾಟ್ಯಪದ, ಭೈರವಿ.

ಇದರಲ್ಲಿ ಬಹುಪಾಲು ಕಾಲುಪೇಟಿಯ ವಿದ್ಯೆ. ಪಾದ ಒತ್ತಿದರೆ ದನಿ ಒತ್ತರಿಸಿ ಬರುವುದು, ಸಡಿಲಿಸಿದರೆ ಕರಗುವುದು ನಾಟಕದವರಿಗೆ ರಾತ್ರಿಯಿಡೀ ಅಭ್ಯಾಸ. ಇಂದು 22 ಶ್ರುತಿಯ ಪೇಟಿ ಬಂದಿದೆ, ಸ್ಕೇಲ್ ಚೇಂಜರ್ ಬಂದಿದೆ. ರಿಪೇರಿಯಾದದ್ದು ರೀಡು, ಉಸಿರಲ್ಲ. ಸಂಗೀತದ ಚರಿತ್ರೆಗಳಲ್ಲಿ ಗಾಯಕರ ಘರಾಣೆಗೆ ಅಧ್ಯಾಯಗಳಿವೆ, ಪೇಟಿ ಮಾಸ್ತರರಿಗೆ ಒಂದು ಸಾಲು, ಅದೂ ಹೆಸರಿಲ್ಲದೆ. ಸುಳಕೂಡದಿಂದ ಗಡಹಿಂಗ್ಲಜ, ನಿಪ್ಪಾಣಿಯವರೆಗೆ ಆ ಮಾಸ್ತರರ ಪಕ್ಕ ಕೂತು ಕಲಿತ ಕೊನೆಯ ಕೆಲವರು ಈಗ ಎಂಬತ್ತು ದಾಟಿದ್ದಾರೆ. ಯಾವ ಪದದ ಯಾವ ಅಕ್ಷರಕ್ಕೆ ಕಾಲು ತಡೆಯಬೇಕೆಂಬ ಲೆಕ್ಕ ಅವರ ಪಾದದಲ್ಲಿದೆ, ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ.